ಇಲಾಖೆ ಕೊಟ್ಟ ಸೋದರಮಾವ

ಆಗಸ್ಟ್ ೧೮, ಸೋಮವಾರ

ಈ ಕೆಲಸದ ಬಗ್ಗೆ ಎಲ್ಲಿಯೂ ಒಂದಕ್ಷರ ಬರೆಯಕೂಡದು ಎಂದು ಇನ್ಸ್‌ಪೆಕ್ಟರ್ ಮಹಾಂತೇಶ್ ಸಾಹೇಬರು ಮೂರು ಸಲ ಹೇಳಿದರು. ಅದಕ್ಕೇ ಬರೆಯಲು ಕೂತಿದ್ದೇನೆ. ಹತ್ತೊಂಬತ್ತು ವರ್ಷದ ಪೊಲೀಸ್ ನೌಕರಿಯಲ್ಲಿ ಏನನ್ನೂ ಬರೆಯದೆ ಮನೆಗೆ ಬಂದ ದಿನವೇ ಇಲ್ಲ. ಠಾಣೆಯ ಹಿತ್ತಲಲ್ಲಿ ನಾಯಿ ಮರಿ ಹಾಕಿದ್ದನ್ನೂ ಸಮಯ ಸಮೇತ ಪುಸ್ತಕಕ್ಕೆ ಏರಿಸಿದ ಹೆಡ್ ಕಾನ್‌ಸ್ಟೇಬಲ್ ನಾನು. ಕೈ ಸುಮ್ಮನಿರುವುದಿಲ್ಲ. ತಮ್ಮ ದಿಲೀಪನ ಜೆರಾಕ್ಸ್ ಅಂಗಡಿಗೆ ಯಾರೋ ಕೊಟ್ಟಿದ್ದ ಡೈರಿ ಖಾಲಿ ಬಿದ್ದಿತ್ತು, ಎತ್ತಿಕೊಂಡು ಬಂದೆ. ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟರೆ ಯಾರಿಗೂ ಗೊತ್ತಾಗದು.

ಠಾಣೆಯ ಪುಸ್ತಕಗಳಲ್ಲಿ ಅತಿ ಹೆಚ್ಚು ಸಲ ಬರುವ ವಾಕ್ಯ ‘ಈ ದಿನ ವಿಶೇಷವೇನಿಲ್ಲ’. ಕಳ್ಳ ಸಿಗದಿದ್ದರೂ ಅದೇ, ಸಿಕ್ಕವನು ಓಡಿಹೋದರೂ ಅದೇ. ಅದನ್ನು ಬರೆದು ಬರೆದು ನನ್ನ ಬೆರಳು ಗಂಟು ಕಟ್ಟಿದೆ. ಈ ಪುಸ್ತಕದಲ್ಲಿ ಮಾತ್ರ ಆ ವಾಕ್ಯ ಬರಬಾರದು.

ಕೆಲಸ ಇಷ್ಟು. ವಿಜಯನಗರ ನಾಲ್ಕನೇ ಹಂತದಲ್ಲಿ ಒಂದು ಮಹಡಿ ಮನೆ, ಮೇಲೆ ಒಬ್ಬರು ಅತಿಥಿ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ನಾನು ಸೀರೆ ಉಟ್ಟು ಮನೆಯೊಡತಿಯ ಹಾಗೆ, ಕಾನ್‌ಸ್ಟೇಬಲ್ ಬಸವರಾಜು ಲುಂಗಿ ಉಟ್ಟು ಡ್ರೈವರನ ಹಾಗೆ ಅಲ್ಲಿರಬೇಕು. ಅಡುಗೆ ನನ್ನದು, ಕಾವಲು ಇಬ್ಬರದು. ಐದಕ್ಕೆ ಬೇರೆ ಇಬ್ಬರು ಬರುತ್ತಾರೆ.

“ಯಾರು ಸಾರ್ ಅವರು?” ಅಂದೆ.

“ಅತಿಥಿ ಅಂದ್ರ ಅತಿಥಿರಿ. ಹೆಸರು ತಗೊಂಡು ಏನ್ ಮಾಡ್ತೀರಿ?” ಎಂದರು ಸಾಹೇಬರು.

ಅರವತ್ತರ ಹತ್ತಿರದ ಮನುಷ್ಯ. ತೆಳ್ಳಗಿದ್ದಾರೆ, ನುಣ್ಣಗೆ ಕ್ಷೌರ, ಮಧ್ಯಾಹ್ನದ ಬಿಸಿಲಿನಲ್ಲೂ ಮಂಕಿ ಟೋಪಿ. ನಿವೃತ್ತ ಜಡ್ಜ್ ಇರಬೇಕು. ಯಾವುದೋ ದೊಡ್ಡ ತೀರ್ಪು ಕೊಟ್ಟು ಬೆದರಿಕೆ ಬಂದಿರುತ್ತದೆ.

ಆಗಸ್ಟ್ ೨೬, ಮಂಗಳವಾರ

ಗೌರಿ ಹಬ್ಬ. ಅವ್ವನ ವರ್ಷದ ಅಳು ಇವತ್ತು. ಪಕ್ಕದ ಮನೆಯವರಿಗೆ ತವರಿನಿಂದ ಬಾಗಿನ ಬಂದದ್ದನ್ನು ಕಿಟಕಿಯಿಂದ ನೋಡಿ ಶುರು ಮಾಡಿದಳು. “ಐದೂ ಎಣ್ಣೇ ಆಗ್ಬುಟ್ವಲ್ಲ ನಮ್ಮವ್ವಂಗೆ. ಅಬ್ಬದ ದಿನ ಒಂದು ಸೀರೆ ಇಡ್ಕೊಂಡು ಬರಕ್ಕೆ ಒಬ್ನಾರ ತಮ್ಮ ಅನ್ನೋನು ಬ್ಯಾಡ್ವ?” ಎಪ್ಪತ್ತು ದಾಟಿದರೂ ನಮ್ಮವ್ವ ಕೆಂಚಮ್ಮನಿಗೆ ಈ ಕೊರಗು ಹೋಗಿಲ್ಲ. ಕಣ್ಣಿನ ಪೊರೆ ಬಲಿತು ಮನುಷ್ಯರ ಮುಖ ಮಸುಕಾಗಿದೆ, ಬಾಗಿನದ ಮೊರ ಮಾತ್ರ ಅಷ್ಟು ದೂರದಿಂದ ಕಾಣುತ್ತದೆ.

ಕೃಷ್ಣಮೂರ್ತಿಪುರಂನ ಈ ಬಾಡಿಗೆ ಮನೆಯಲ್ಲಿರುವುದು ನಾವು ಮೂವರು. ಅವ್ವ, ದಿಲೀಪ, ಮದುವೆಯಾಗಿ ಎರಡೇ ವರ್ಷಕ್ಕೆ ಪೆಟ್ಟಿಗೆ ಸಮೇತ ವಾಪಸು ಬಂದ ನಾನು. ಏಳು ವರ್ಷದ ಹಿಂದೆ ದಿಲೀಪ ಬೇರೆ ಊರಿನಲ್ಲಿ ಪರೀಕ್ಷೆ ಬರೆದು ಬರುವಾಗ ಅಲ್ಲಿನ ಬಸ್ ನಿಲ್ದಾಣದಲ್ಲಿ ಬಾಂಬ್ ಸಿಡಿಯಿತು. ಹನ್ನೊಂದು ಜನ ಸತ್ತರು. ಇವನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಇಟ್ಟ ಹುಡುಗರು ಜೈಲಿನಲ್ಲಿದ್ದಾರೆ. ಇಡಿಸಿದವನು ಮಾತ್ರ ಸಿಕ್ಕಿಲ್ಲ. ಹುಡುಗರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದನೆಂದು ಪತ್ರಿಕೆಯವರು ಅವನನ್ನು ‘ಮೇಷ್ಟ್ರು’ ಎಂದು ಬರೆಯುತ್ತಾರೆ.

ದಿಲೀಪ ಕೋರ್ಟಿನ ಹತ್ತಿರ ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಊರಿನವರ ಅರ್ಜಿಗಳ ನಡುವೆ ತನ್ನ ಅರ್ಜಿಯನ್ನೂ ಟೈಪು ಮಾಡುತ್ತಾನೆ. ಸಂತ್ರಸ್ತರ ಸಂಘಕ್ಕೆ ಅವನೇ ಕಾರ್ಯದರ್ಶಿ.

“ಸರ್ಕಾರದೋರೇ ಅವನ್ನ ಎಲ್ಲೋ ಮಡಿಕೊಂಡವ್ರೆ ಕಣಕ್ಕ. ಏಳು ವರ್ಷ ಒಬ್ಬ ಮನುಷ್ಯ ಗಾಳೀಲಿ ಇರಕ್ಕಾಗುತ್ತಾ?” ಎಂದ ಊಟದ ಹೊತ್ತಿಗೆ.

ನನಗೆ ಸಿಟ್ಟು ಬಂತು. “ನಮ್ಮ ಇಲಾಖೆ ಅಷ್ಟು ಕೆಟ್ಟಿಲ್ಲ. ಅಷ್ಟು ಬುದ್ಧೀನೂ ಅದಕ್ಕಿಲ್ಲ. ಒಂದು ವರ್ಗಾವಣೆ ಆದೇಶ ಟೈಪಾಗೋ ಮುಂಚೆ ಟೀ ಅಂಗಡೀಲಿ ಗೊತ್ತಾಗುತ್ತೆ ಕಣೋ. ಒಬ್ಬ ಮನುಷ್ಯನ್ನ ಬಚ್ಚಿಡ್ತಾರಂತೆ” ಎಂದು ರೇಗಿದೆ. ಅವನು ನಕ್ಕು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡ.

ಸೆಪ್ಟೆಂಬರ್ ೨, ಮಂಗಳವಾರ

ಅತಿಥಿಯಷ್ಟು ಸಾಧುಗಳನ್ನು ನೋಡಿಲ್ಲ. ಕಾಫಿ ಲೋಟವನ್ನು ತಾವೇ ತೊಳೆದಿಡುತ್ತಾರೆ. ಖಾರ ಆಗುವುದಿಲ್ಲ, ಅಷ್ಟೇ ಅವರ ರಗಳೆ. ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾರೆ, ನ್ಯೂಸ್ ಬಂದರೆ ತಲೆನೋವೆಂದು ಆರಿಸುತ್ತಾರೆ.

ಇವತ್ತು ಮಿಕ್ಸಿ ಕೆಟ್ಟಿತು. ಬಸವರಾಜು ಅದನ್ನು ಎರಡು ಸಲ ತಟ್ಟಿ ಸುಮ್ಮನಾದ. ಅತಿಥಿ ಚಾಕುವಿನ ತುದಿಯಲ್ಲೇ ಅದನ್ನು ಬಿಚ್ಚಿ ಹತ್ತು ನಿಮಿಷದಲ್ಲಿ ಸರಿಮಾಡಿದರು. ಆಮೇಲೆ ನಿಂತುಹೋಗಿದ್ದ ಗೋಡೆ ಗಡಿಯಾರವನ್ನೂ ಕೇಳದೆಯೇ ಇಳಿಸಿಕೊಂಡು ರಿಪೇರಿ ಮಾಡಿದರು. ಅಷ್ಟು ಸಣ್ಣ ತಂತಿಗಳನ್ನು ಅಷ್ಟು ಅಚ್ಚುಕಟ್ಟಾಗಿ ಸುತ್ತಿದ ಕೈ ನಾನು ಕಂಡಿಲ್ಲ. ಜಡ್ಜ್ ಇರಲಾರರು, ಇಂಜಿನಿಯರ್ ಇರಬೇಕು.

ಸೆಪ್ಟೆಂಬರ್ ೫, ಶುಕ್ರವಾರ

ಬಸವರಾಜು ಬೆಳಿಗ್ಗೆ ತನ್ನ ಮಗಳ ಶಾಲೆಗೆ ಗುಲಾಬಿ ಕೊಂಡು ಬಂದಿದ್ದ, ಶಿಕ್ಷಕರ ದಿನಾಚರಣೆಗೆ. ಒಂದು ಹೂವು ಮಿಕ್ಕಿತ್ತು. ಅತಿಥಿ ಅದನ್ನು ತಗೊಂಡು ಮೂಸಿ ನೋಡಿ, “ನಾನೂ ಸ್ವಲ್ಪ ವರ್ಷ ಪಾಠ ಹೇಳಿದ್ದೆ ಕಣಮ್ಮ” ಎಂದರು.

“ಹೌದಾ ಸಾರ್? ಯಾವ ಸಬ್ಜೆಕ್ಟು?”

“ವಿಜ್ಞಾನ. ಹುಡುಗರು ಬಹಳ ಇಷ್ಟಪಡೋರು ನನ್ನನ್ನ.”

ಆಮೇಲೆ ಮುಖ ತೊಳೆಯಲು ಟೋಪಿ ತೆಗೆದರು. ನಾನು ಟವೆಲ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಎಡ ಕಿವಿಯ ಹಾಲೆ ಎರಡು ಸೀಳಾಗಿತ್ತು. ದಿಲೀಪನ ಅಂಗಡಿಯ ಗೋಡೆಯ ಮೇಲೆ ಏಳು ವರ್ಷ ಹಳೆಯ ಒಂದು ಪೋಸ್ಟರ್ ಅಂಟಿದೆ, ನಮ್ಮ ಇಲಾಖೆಯೇ ಅಚ್ಚು ಮಾಡಿಸಿದ್ದು. ಗಡ್ಡದ ಮುಖ, ಕೆಳಗೆ ಗುರುತು: ಎಡ ಕಿವಿಯ ಹಾಲೆ ಸೀಳಿದೆ. ಅದನ್ನು ಓದಿ ಓದಿ ನನಗೆ ಬಾಯಿಪಾಠವಾಗಿದೆ.

ಟವೆಲ್ ಕೊಟ್ಟೆ. “ಥ್ಯಾಂಕ್ಸ್ ಸುಮಮ್ಮ” ಎಂದರು.

ಮನೆಗೆ ಬಂದ ಕೂಡಲೇ ದಿಲೀಪನಿಗೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವನು ಕಾಲು ಬಿಚ್ಚಿ ಗೋಡೆಗೆ ಒರಗಿಸಿ ಮೊಂಡಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದ. ಏನಕ್ಕಾ ಮುಖ ಹಿಂಗಿದೆ ಅಂದ. ಬಸ್ಸಿನಲ್ಲಿ ರಶ್ಶು ಅಂದೆ. ಆ ಮನುಷ್ಯನಿಗೆ ನಾನು ಹದಿನೆಂಟು ದಿನದಿಂದ ಅನ್ನ ಬಡಿಸಿದ್ದೇನೆ. ಖಾರ ಕಡಿಮೆ ಮಾಡಿ ಬಡಿಸಿದ್ದೇನೆ. ನಾಳೆ ಹೇಳುತ್ತೇನೆ, ತಪ್ಪದೆ ಹೇಳುತ್ತೇನೆ.

ಸೆಪ್ಟೆಂಬರ್ ೬, ಶನಿವಾರ

ಇವತ್ತು ಇನ್ನೊಮ್ಮೆ ನೋಡಿದೆ. ಕಿವಿ ಸೀಳಿರುವುದು ನಿಜ. ಹಾಗೆ ನೋಡಿದರೆ ನಮ್ಮೂರಿನ ಅರ್ಧ ಹೆಂಗಸರ ಕಿವಿ ಓಲೆಯ ಭಾರಕ್ಕೆ ಸೀಳಿದೆ. ಅವರನ್ನೆಲ್ಲ ಹಿಡಿಯಲಾಗುತ್ತದೆಯೇ?

ಸೆಪ್ಟೆಂಬರ್ ೮, ಸೋಮವಾರ

ತಡೆಯಲಾಗದೆ ಸಾಹೇಬರನ್ನೇ ಕೇಳಿದೆ. ಬಾಗಿಲು ಹಾಕಿ ಬಂದು ಕೂತರು.

“ಸುಮಾ ಅವರ, ನೀವು ನೋಡಿದ್ದನ್ನ ನಿಮ್ಮ ಕಣ್ಣು ನೋಡ್ಯಾವು. ಇಲಾಖೆ ಏನೂ ನೋಡಿಲ್ಲ. ಮ್ಯಾಲಿನವರು ಯಾಕ ಇಟ್ಟಾರ, ಎಷ್ಟು ದಿನ ಇಡ್ತಾರ, ನನಗೂ ಗೊತ್ತಿಲ್ರಿ. ಇವರ ಬಾಯಾಗ ಬಹಳ ಮಂದಿ ಹೆಸರು ಅದಾವಂತ. ಅಷ್ಟು ತಿಳಕೊಳ್ರಿ ಸಾಕು.” ಎದ್ದು ನಿಂತು, ಮರೆತಿದ್ದು ನೆನಪಾದವರ ಹಾಗೆ, “ಎಎಸ್‌ಐ ಬಡ್ತಿ ಪಟ್ಟಿ ದಸರಾ ಮುಗಿದ ಮ್ಯಾಲೆ ಬರ್ತದ. ನಿಮ್ಮ ಹೆಸರು ಮೂರನೇದು” ಎಂದರು.

ನಾನು ಪಟ್ಟಿಯ ವಿಷಯ ಕೇಳಿರಲೇ ಇಲ್ಲ. ಮೂರನೆಯದು ಎಂದು ಗೊತ್ತಾದದ್ದು ಒಳ್ಳೆಯದೇ ಆಯಿತು.

ದಿಲೀಪನಿಗೆ ದಸರಾ ಕಳೆದ ಮೇಲೆ ಹೇಳುವುದು ಸರಿ. ಈಗ ಹೇಳಿದರೆ ಅವನಿಗೇ ಅಪಾಯ.

ಸೆಪ್ಟೆಂಬರ್ ೧೫, ಸೋಮವಾರ

ಸಂತ್ರಸ್ತರ ಸಂಘದ ಧರಣಿ. ಮಹಿಳಾ ಸಿಬ್ಬಂದಿ ಕಡಿಮೆ ಬಿದ್ದಿತೆಂದು ನನ್ನನ್ನು ಬೆಳಿಗ್ಗೆ ಬಂದೋಬಸ್ತಿಗೆ ಎಳೆದುಕೊಂಡರು. ಯೂನಿಫಾರ್ಮ್ ಹಾಕಿಕೊಂಡು ಹಗ್ಗ ಹಿಡಿದು ನಿಂತೆ. ಹಗ್ಗದ ಆ ಕಡೆ ದಿಲೀಪ ಮೈಕು ಹಿಡಿದು, “ಮೇಷ್ಟ್ರು ಎಲ್ಲಿದ್ದಾನೆ ಹೇಳಿ, ಯಾರು ಊಟ ಹಾಕ್ತಾ ಇದ್ದೀರಿ ಹೇಳಿ” ಎಂದು ಕೂಗುತ್ತಿದ್ದ. ಸತ್ತವರ ಫೋಟೋ ಹಿಡಿದ ಹನ್ನೊಂದು ಮನೆಯವರು ಅವನ ಹಿಂದೆ ನಿಂತಿದ್ದರು. ನಡುವೆ ಒಂದು ಸಲ ನನ್ನ ಹತ್ತಿರ ಬಂದು, “ಅಕ್ಕ, ನೀರಿನ ಬಾಟ್ಲಿ ತಂದಿದ್ದೀಯಾ?” ಎಂದು ಕೇಳಿ ಕುಡಿದು ಹೋಗಿ ಮತ್ತೆ ಕೂಗಿದ.

ಹನ್ನೆರಡಕ್ಕೆ ಬಿಟ್ಟರು. ಸೀರೆ ಬದಲಾಯಿಸಿ ಒಂದು ಗಂಟೆಗೆಲ್ಲ ವಿಜಯನಗರಕ್ಕೆ ಹೋಗಿ ಅನ್ನಕ್ಕಿಟ್ಟೆ. ಅತಿಥಿ ಹಸಿದಿದ್ದರು, ಒಂದು ಮಾತೂ ಆಡಲಿಲ್ಲ.

ಬಸವರಾಜು ಈರುಳ್ಳಿ ಬಿಡಿಸುತ್ತಾ, “ನಿಮ್ಮನ್ನೇ ಯಾಕೆ ಈ ಡ್ಯೂಟಿಗೆ ಹಾಕವ್ರೆ ಗೊತ್ತಾ ಮೇಡಂ?” ಎಂದ.

“ಅಡುಗೆ ಚೆನ್ನಾಗಿ ಮಾಡ್ತೀನಿ ಅಂತ.”

“ಅದೂ ಸರಿ. ಕಾಲು ಕಳ್ಕಂಡೋನ ಅಕ್ಕ ಇಲ್ಲಿ ಕಾವಲವ್ಳೆ ಅಂದ್ರೆ ಯಾರು ನಂಬ್ತಾರೆ ಹೇಳಿ? ನಿಮ್ಮ ತಮ್ಮನೇ ನಂಬಲ್ಲ.”

ಸಾರಿಗೆ ಉಪ್ಪು ಎರಡು ಸಲ ಹಾಕಿಬಿಟ್ಟೆ. ಅತಿಥಿ ಅದನ್ನೂ ಸುಮ್ಮನೆ ಉಂಡರು.

ಅಕ್ಟೋಬರ್ ೧, ಬುಧವಾರ

ಆಯುಧಪೂಜೆ. ಹದಿನೈದು ದಿನ ಬರೆಯಲಿಲ್ಲ, ದಸರೆಯ ಓಡಾಟ.

ಮೇಲಿನಿಂದ ಬಂದ ಸೂಚನೆಯಲ್ಲಿ ಎಲ್ಲವೂ ಇತ್ತು. ಗೇಟಿನ ಮುಂದೆ ಪೊಲೀಸ್ ಗಾಡಿ ನಿಲ್ಲಬಾರದು, ಬೂಟು ಹಾಕಬಾರದು, ವೈರ್‌ಲೆಸ್ ಕೇಳಿಸಬಾರದು. ಪೂಜೆ ಮಾಡಬಾರದು ಎಂದು ಮಾತ್ರ ಯಾರೂ ಬರೆದಿರಲಿಲ್ಲ. ಬಸವರಾಜು ಬೆಳಿಗ್ಗೆಯೇ ಬೂದುಗುಂಬಳಕಾಯಿ, ಎರಡು ಬಾಳೆಕಂದು, ಚೆಂಡುಹೂವು ಹೊತ್ತು ತಂದ. “ಪೂಜೆ ಆಗದ ಪಿಸ್ತೂಲು ವರ್ಷಪೂರ್ತಿ ಸೊಂಟಕ್ಕೆ ಸಿಕ್ಕಿಸ್ಕಂಡು ತಿರುಗಕ್ಕೆ ನನ್ನ ಕೈಲಾಗಲ್ಲ ಮೇಡಂ. ಟೈಮಲ್ಲಿ ಕೈ ಕೊಡುತ್ತೆ” ಎಂದ. ಸಾಹೇಬರಿಗೆ ಫೋನು ಮಾಡಿದೆ. ಅವರು ತಮ್ಮ ಠಾಣೆಯಲ್ಲಿ ಪೂಜೆಗೇ ಕೂತಿದ್ದರು, ಹಿಂದೆ ಗಂಟೆ ಕೇಳಿಸುತ್ತಿತ್ತು. “ಸಣ್ಣದಾಗಿ ಮಾಡ್ರಿ, ಬಿಡಬ್ಯಾಡ್ರಿ” ಎಂದರು.

ಪಿಸ್ತೂಲು ಎರಡು, ಲಾಠಿ ನಾಲ್ಕು, ವೈರ್‌ಲೆಸ್ ಸೆಟ್ಟು, ಕೈಕೋಳ ಒಂದು ಜೊತೆ. ಎಲ್ಲವನ್ನೂ ಒರೆಸಿ ಪೋರ್ಟಿಕೋದಲ್ಲಿ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದೆ. ಮಾರುತಿ ಕಾರಿಗೆ ಬಾಳೆಕಂದು ಕಟ್ಟಿದೆವು. ಮಂಗಳಾರತಿ ಯಾರು ಮಾಡಬೇಕು? ಮನೆಗೆ ಹಿರಿಯರಾದವರು ಮಾಡಬೇಕು. ಬಸವರಾಜು ಮೇಲೆ ಹೋಗಿ ಕರೆದುಕೊಂಡು ಬಂದ. ಅತಿಥಿ ಸ್ನಾನ ಮಾಡಿ, ಶಾಸ್ತ್ರಕ್ಕೆ ಭಂಗ ಬರಬಾರದೆಂದು ಟೋಪಿ ತೆಗೆದಿಟ್ಟು ಬಂದಿದ್ದರು. ಪಿಸ್ತೂಲುಗಳಿಗೆ ಆರತಿ ಎತ್ತಿದರು. ಕೈಕೋಳಕ್ಕೂ ಒಂದು ಹೂವು ಇಟ್ಟರು. ಕುಂಬಳಕಾಯಿಯನ್ನು ಕಾರಿನ ಮುಂದೆ ಒಂದೇ ಏಟಿಗೆ ಒಡೆದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿದ್ದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಬಸ್ ನಿಲ್ದಾಣ ನೆನಪಾಗಲಿಲ್ಲ. ಹಬ್ಬ ಚೆನ್ನಾಗಿ ಆಯಿತಲ್ಲ ಅನ್ನಿಸಿತು.

ಆಗಲೇ ಎದುರು ಮನೆಯ ಅಂಬುಜಮ್ಮ ಬಂದರು, ಗೊಂಬೆ ಕೂರಿಸಿದ್ದೇವೆ ಕುಂಕುಮಕ್ಕೆ ಬನ್ನಿ ಎಂದು ಕರೆಯಲು. “ಎಷ್ಟು ಲಕ್ಷಣವಾಗಿ ಮಾಡಿದ್ದೀರಮ್ಮಾ. ಇವರು ಯಾರು, ನಿಮ್ಮ ತಂದೇನಾ?” ಎಂದು ಕೇಳುತ್ತಲೇ ಫೋನೆತ್ತಿ ಒಂದು ಫೋಟೋ ಹೊಡೆದರು. ಕಡ್ಲೆಪುರಿ ಕೊಟ್ಟು ಕಳಿಸಿದೆ.

ಅಕ್ಟೋಬರ್ ೩, ಶುಕ್ರವಾರ

ಅಂಬುಜಮ್ಮ ಫೋಟೋವನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ‘ನಮ್ಮ ಬೀದಿಯ ಆಯುಧಪೂಜೆ’ ಎಂದು ಬರೆದು ಮೂರು ಹೂವಿನ ಚಿತ್ರ. ಗುಂಪಿನಲ್ಲಿ ಯಾರೋ, ಸಂಸಾರಸ್ಥರ ಮನೆಯಲ್ಲಿ ಪಿಸ್ತೂಲು, ಕೈಕೋಳ ಯಾಕೆ ಎಂದು ಕೇಳಿದ್ದಾರೆ. ನಿನ್ನೆ ಸಂಜೆಯ ಹೊತ್ತಿಗೆ ಟಿವಿಯಲ್ಲಿ ಅದೇ ಫೋಟೋ, ಕಿವಿಯ ಸುತ್ತ ಕೆಂಪು ವೃತ್ತ.

ಅತಿಥಿಯನ್ನು ಎಲ್ಲಿಗೋ ಸಾಗಿಸಿದರು. ನನ್ನನ್ನು ಸಾಹೇಬರ ಕೋಣೆಗೆ ಕರೆಸಿದರು. ಹೇಳಿಕೆ ಟೈಪಾಗಿ ತಯಾರಿತ್ತು: ಆ ಮನೆ ಇಲಾಖೆಯ ಸಾಮಾನು ಇಡುವ ಜಾಗ, ಹಬ್ಬದ ಪ್ರಯುಕ್ತ ನಾನು ನನ್ನ ತಾಯಿಯ ತಮ್ಮನನ್ನು ಪೂಜೆಗೆ ಕರೆಸಿದ್ದೆ, ಫೋಟೋದಲ್ಲಿರುವವರು ಅವರೇ.

“ತಾಯಿಯ ತಮ್ಮ ಯಾಕೆ ಸಾರ್?”

“ಅಂಬುಜಮ್ಮನವರ ಮುಂದ ಅಪ್ಪ ಅಂತ ನೀವು ಒಪ್ಪಿಲ್ಲ. ಗಂಡ ಅನ್ನಾಕ ವಯಸ್ಸು ಹೊಂದೂದಿಲ್ಲ. ಸೋದರಮಾವ ಅಂದ್ರ ಯಾರಿಗೂ ತಕರಾರಿಲ್ರಿ. ಎಲ್ಲರಿಗೂ ಒಬ್ಬ ಇರ್ತಾನ.”

ಸಹಿ ಮಾಡಿದೆ. ಅಂಗಡಿ ಇಟ್ಟಾಗಿನಿಂದ ನನ್ನ ಎಲ್ಲ ಕಾಗದಪತ್ರ ಟೈಪು ಮಾಡಿದವನು ದಿಲೀಪ. ಅವನು ಮಾಡದ ಮೊದಲ ಕಾಗದ ಇದು. ‘ತಾಯಿ’ಗೆ ಇಳಿ ಬೀಳದೆ ‘ತಯಿ’ ಎಂದಾಗಿತ್ತು, ಅವನಾಗಿದ್ದರೆ ತಿದ್ದುತ್ತಿದ್ದ.

ಅಕ್ಟೋಬರ್ ೪, ಶನಿವಾರ

ದಿಲೀಪ ಆ ಫೋಟೋವನ್ನು ತನ್ನ ಮೆಷಿನ್ನಿನಲ್ಲೇ ದೊಡ್ಡದು ಮಾಡಿ ತಂದು ಊಟದ ಮೇಜಿನ ಮೇಲೆ ಹರಡಿದ. ಪಕ್ಕದಲ್ಲಿ ಏಳು ವರ್ಷದ ಪೋಸ್ಟರು, ಅಂಗಡಿಯ ಗೋಡೆಯಿಂದ ಕಿತ್ತು ತಂದದ್ದು. ಪಕ್ಕದಲ್ಲಿ ಪೇಪರಿನಲ್ಲಿ ಬಂದ ನನ್ನ ಹೇಳಿಕೆ.

“ಅವ್ವಂಗೆ ತಮ್ಮಂದಿರೇ ಇಲ್ವಲ್ಲಕ್ಕ” ಎಂದ.

ನಾನು ಮೇಜಿನ ಮೇಲಿನ ತಟ್ಟೆಗಳನ್ನು ಎತ್ತಿಡತೊಡಗಿದೆ.

“ಎಷ್ಟು ದಿನ ಊಟ ಹಾಕ್ದೆ?”

“ಡ್ಯೂಟಿ ಕಣೋ. ಯಾರು ಅಂತ ನಂಗೆ ಹೇಳಿರಲಿಲ್ಲ.”

“ಗೊತ್ತಾದ ಮೇಲೆ ಎಷ್ಟು ದಿನ ಹಾಕ್ದೆ?”

ಅದಕ್ಕೆ ಉತ್ತರ ನನ್ನಲ್ಲಿತ್ತು, ಈ ಪುಸ್ತಕದಲ್ಲೇ ತಾರೀಖು ಸಮೇತ ಇದೆ. ಹೇಳಲಿಲ್ಲ. ಬದಲಿಗೆ, ಹೇಳಿಕೆ ಸುಳ್ಳೆಂದಾದರೆ ನನ್ನ ನೌಕರಿ ಹೋಗುತ್ತದೆ, ಜೈಲೂ ಆಗುತ್ತದೆ, ಅವ್ವನ ಕಣ್ಣಿನ ಆಪರೇಷನ್ ಯಾರು ಮಾಡಿಸುತ್ತಾರೆ ಎಂದೆಲ್ಲ ಹೇಳಿದೆ. ನಾನು ಅತ್ತೆ. ಅವನು ಅಳಲಿಲ್ಲ. ಫೋಟೋ ಮಡಿಸಿಕೊಂಡು ಎದ್ದುಹೋದ. ನನ್ನ ಪರಿಸ್ಥಿತಿ ಅವನಿಗೆ ಅರ್ಥವಾಗುವುದಿಲ್ಲ.

ಅಕ್ಟೋಬರ್ ೯, ಗುರುವಾರ

ಬೆಂಗಳೂರಿನಿಂದ ವಿಚಾರಣಾಧಿಕಾರಿ ಚಂದ್ರಮೌಳಿಯವರು ಬಂದರು. ನೇರವಾಗಿ ಮನೆಗೇ, ಹನ್ನೊಂದು ಗಂಟೆಗೆ, ಒಬ್ಬ ಬರೆಯುವವನನ್ನು ಕರೆದುಕೊಂಡು. ಸಭ್ಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದರು. ದಿಲೀಪ ಅಂಗಡಿಗೆ ಹೋಗದೆ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಅವನ ಅಂಗಿ ಜೇಬಿನಲ್ಲಿ ಮಡಿಸಿದ ಛಾಪಾ ಕಾಗದ ಇಣುಕುತ್ತಿತ್ತು. ಅಫಿಡವಿಟ್ಟು. ನೋಡಿದ ಕೂಡಲೇ ಗೊತ್ತಾಯಿತು.

ಅವರು ಮೊದಲು ಫೋಟೋ ತೋರಿಸಿದ್ದು ಅವ್ವನಿಗೆ. “ತಾಯಿ, ಇವರು ನಿಮ್ಮ ತಮ್ಮನಾ?”

ಅವ್ವನಿಗೆ ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ. ಧೈರ್ಯ ಬಂದಿರಲಿಲ್ಲ. ಅವಳು ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ಬೆರಳಿನಿಂದ ಸವರಿ, “ಒಬ್ಬ ಇದ್ದಿದ್ರೆ ಇಂಗೇ ಇರ್ತಿದ್ದ ಕಣಪ್ಪ” ಎಂದಳು.

ಬರೆಯುವವನ ಪೆನ್ನು ನಿಂತಿತು. ಚಂದ್ರಮೌಳಿಯವರು ಕನ್ನಡಕ ತೆಗೆದು, “ಇದ್ದಿದ್ದರೆ ಅಂದರೆ? ಇಲ್ಲವೇ?” ಎಂದು ದಿಲೀಪನ ಕಡೆ ತಿರುಗಿದರು. “ನೀವು ಸಂತ್ರಸ್ತರ ಸಂಘದವರು ಅಲ್ಲವೇ? ನೀವೇ ಹೇಳಿ. ನಿಮ್ಮ ಮಾತು ಸಾಕು ನನಗೆ. ಇವರು ನಿಮ್ಮ ಸೋದರಮಾವನಾ?”

ದಿಲೀಪ ಜೇಬಿಗೆ ಕೈ ಹಾಕಿದ. ಅವ್ವನ ಕಡೆ ನೋಡಿದ. ನನ್ನ ಕಡೆ ನೋಡಿದ. ಬೀದಿಯಲ್ಲಿ ತರಕಾರಿ ಗಾಡಿಯವನು ಟೊಮ್ಯಾಟೊ ಎಂದು ಕೂಗಿಕೊಂಡು ಪೂರ್ತಿ ಬೀದಿ ದಾಟಿ ಹೋದ.

“ನಮ್ಮ ಮಾವನೇ ಸಾರ್” ಎಂದ ದಿಲೀಪ. “ಅವ್ವಂಗೆ ಮರೆವು.”

ಖಾಲಿ ಕೈಯನ್ನು ಜೇಬಿನಿಂದ ತೆಗೆದ.

ಚಂದ್ರಮೌಳಿಯವರ ಮುಖ ಹಗುರಾಯಿತು. ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೊಗಳಿ ಹೋದರು. ನನಗೆ ಹೋದ ಜೀವ ಬಂದ ಹಾಗಾಯಿತು. ದಿಲೀಪನಿಗೆ ಎಷ್ಟಾದರೂ ರಕ್ತಸಂಬಂಧ, ಕೊನೆಗೆ ಬುದ್ಧಿ ಬಂತು. ಅವನಿಗೆ ಇಷ್ಟವೆಂದು ಸಂಜೆ ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಹಸಿವಿಲ್ಲ ಎಂದ.

ಅಕ್ಟೋಬರ್ ೧೧, ಶನಿವಾರ

ಬಟ್ಟೆ ಒಗೆಯುವಾಗ ಜೇಬು ನೋಡದೆ ಮೆಷಿನ್ನಿಗೆ ಹಾಕಿದ್ದು ನನ್ನ ತಪ್ಪು. ದಿಲೀಪನ ಅಂಗಿಯಲ್ಲಿದ್ದ ಛಾಪಾ ಕಾಗದ ಮುದ್ದೆಯಾಗಿ ನನ್ನ ಯೂನಿಫಾರ್ಮಿಗೆಲ್ಲ ಅಂಟಿತ್ತು. ಕೊಡವಿ ಕೊಡವಿ ಅರ್ಧ ಗಂಟೆ ಹಿಡಿಯಿತು.

ಅಕ್ಟೋಬರ್ ೧೪, ಮಂಗಳವಾರ

ವರದಿ ಬಂತು. ಫೋಟೋದಲ್ಲಿರುವ ವ್ಯಕ್ತಿಯನ್ನು ‘ಸ್ವತಃ ಸಂತ್ರಸ್ತರೇ ತಮ್ಮ ಬಂಧುವೆಂದು ಗುರುತಿಸಿರುವುದರಿಂದ’ ಸಂಶಯಕ್ಕೆ ಆಸ್ಪದವಿಲ್ಲವಂತೆ. ‘ಹೋಲಿಕೆ ಇರುವುದಾಗಿ ತಾಯಿಯವರೂ ತಿಳಿಸಿದ್ದಾರೆ’ ಎಂದೂ ಇದೆ. ಪಟ್ಟಿಯೂ ಬಂತು. ಎಎಸ್‌ಐ ಆದೆ. ಮೂರನೆಯ ಹೆಸರಲ್ಲ, ಮೊದಲನೆಯದು.

ಸಂಘದ ಹನ್ನೊಂದು ಮನೆಯವರು ದಿಲೀಪನ ಅಂಗಡಿಯ ಮುಂದೆ ಬಂದು ನಿಂತಿದ್ದರಂತೆ. ಯಾರೂ ಬೈಯಲಿಲ್ಲವಂತೆ. ಒಬ್ಬ ಅಜ್ಜಿ, ಮಗನ ಫೋಟೋ ವಾಪಸು ಕೊಡಪ್ಪ ಎಂದು ಇಸಿದುಕೊಂಡು ಹೋದಳಂತೆ. ಪಕ್ಕದ ಟೀ ಅಂಗಡಿಯವನು ಹೇಳಿದ. ಸದ್ಯ, ಗಲಾಟೆ ಇಲ್ಲದೆ ಮುಗಿಯಿತು. ದಿಲೀಪ ಇವತ್ತಿನಿಂದ ಅಂಗಡಿಯಲ್ಲೇ ಮಲಗುತ್ತಾನಂತೆ, ಕೆಲಸ ಜಾಸ್ತಿ ಇರಬೇಕು.

ಅಕ್ಟೋಬರ್ ೧೭, ಶುಕ್ರವಾರ

ಸಾಹೇಬರು ಸಿಹಿ ತಗೊಂಡು ಮನೆಗೆ ಬಂದಿದ್ದರು. ಈಗಿರುವ ಜಾಗವೂ ಸರಿಯಿಲ್ಲವಂತೆ, ಎರಡು ಕಡೆ ಪತ್ರಿಕೆಯವರು ವಾಸನೆ ಹಿಡಿದಿದ್ದಾರಂತೆ. “ದಾಖಲೆ ಪ್ರಕಾರ ಅವರು ನಿಮ್ಮ ಸೋದರಮಾವ ಅದಾರಲ್ರಿ. ಅಕ್ಕನ ಮನಿಗೆ ದೀಪಾವಳಿಗೆ ಬಂದ್ರ ಯಾರು ಕೇಳ್ತಾರ? ನಾಲ್ಕು ದಿನ ಅಷ್ಟ” ಎಂದರು.

ಮೊದಲು ಆಗುವುದಿಲ್ಲ ಎಂದೆ. ಆಮೇಲೆ ಯೋಚಿಸಿದರೆ ಅವರು ಹೇಳುವುದರಲ್ಲಿ ತಪ್ಪಿಲ್ಲ. ದಿಲೀಪನ ಕೋಣೆ ಹೇಗೂ ಖಾಲಿ. ಹಾಸಿಗೆ ಬಿಸಿಲಿಗೆ ಹಾಕಬೇಕು. ಸಾರಿನ ಪುಡಿ ಬೇರೆ ಮಾಡಬೇಕು, ಅವರಿಗೆ ಬ್ಯಾಡಗಿ ಮೆಣಸಿನಕಾಯಿಯೂ ಖಾರವೇ.

ಅಕ್ಟೋಬರ್ ೨೨, ಬುಧವಾರ

ಬಲಿಪಾಡ್ಯಮಿ. ಹತ್ತು ಗಂಟೆಗೆ ಬಸವರಾಜು ಆಟೋದಲ್ಲಿ ಕರೆದುಕೊಂಡು ಬಂದ. ಅವ್ವನಿಗೆ, ದೂರದ ಸಂಬಂಧ, ವರಸೆಯಲ್ಲಿ ತಮ್ಮ ಆಗಬೇಕು ಎಂದಷ್ಟೇ ಹೇಳಿದ್ದೆ. ಬಾಗಿಲಲ್ಲಿ ಆರತಿ ಎತ್ತಿದಳು. ಮಾವ ಅವಳ ಕೈಗೆ ಒಂದು ಸೀರೆ ಇಟ್ಟು ಕಾಲಿಗೆ ನಮಸ್ಕಾರ ಮಾಡಿದರು. ಹಸಿರು ಮೈಗೆ ಕೆಂಪು ಅಂಚು, ಸಾಹೇಬರೇ ಆರಿಸಿ ಕೊಡಿಸಿದ್ದು. ಅವ್ವ ಅದನ್ನು ಎದೆಗೊತ್ತಿಕೊಂಡು ಅತ್ತಳು. “ಇಷ್ಟು ವರ್ಷ ಎಲ್ಲಿದ್ಯಪ್ಪ?” ಎಂದು ಕೇಳಿದಳು.

“ಅಲ್ಲಿ ಇಲ್ಲಿ ಇದ್ದೆ ಅಕ್ಕ” ಎಂದರು ಮಾವ.

ಕಜ್ಜಾಯ ಹಾಕಿಕೊಟ್ಟು ಹಜಾರದಲ್ಲಿ ಕೂರಿಸಿದ್ದೆ. ಅಷ್ಟರಲ್ಲಿ ದಿಲೀಪ ಬಟ್ಟೆ ತಗೊಂಡು ಹೋಗಲು ಬಂದ. ಇವತ್ತು ಬರುವುದಿಲ್ಲ ಎಂದುಕೊಂಡಿದ್ದೆ. ಹೊಸಲಿನ ಆಚೆಯೇ ನಿಂತ. ಒಳಗೆ ಬಾ ಎಂದು ಅವ್ವ ಕರೆದಳು, “ನೋಡು ಮಗಾ, ನಿಮ್ಮ ಮಾವ ಬಂದವ್ನೆ.”

ಮಾವ ಕತ್ತೆತ್ತಿ ನೋಡಿದರು. ಅವರಿಗೆ ದಿಲೀಪ ಜೆರಾಕ್ಸ್ ಅಂಗಡಿ ಇಟ್ಟಿರುವುದು ಗೊತ್ತಿತ್ತು, ಮಿಕ್ಕಿದ್ದನ್ನು ನಾನಾಗಲಿ ಸಾಹೇಬರಾಗಲಿ ಹೇಳಿರಲಿಲ್ಲ. ಪ್ಯಾಂಟಿನ ತುದಿಯಲ್ಲಿ ಕಾಣುತ್ತಿದ್ದ ಕಬ್ಬಿಣದ ಸರಳನ್ನು ನೋಡಿ, ನಿಜವಾದ ಮರುಕದಿಂದಲೇ ಕೇಳಿದರು. “ಏನಪ್ಪ, ಕಾಲಿಗೆ ಏನಾಯ್ತು?”

“ಬಸ್ಸಿಗೆ ಕಾಯ್ತಾ ನಿಂತಿದ್ದೆ, ಮಾವ” ಎಂದ ದಿಲೀಪ.

ಬಟ್ಟೆ ತಗೊಳ್ಳದೆಯೇ ಹೋದ. ಅವನ ಎರಡು ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದೇನೆ, ಬಸವರಾಜುವಿನ ಕೈಯಲ್ಲಿ ಕಳಿಸಬೇಕು. ಮಾವ ಕಜ್ಜಾಯವನ್ನು ಪೂರ್ತಿ ತಿನ್ನಲಿಲ್ಲ. ಬೆಲ್ಲ ಜಾಸ್ತಿಯಾಗಿರಬೇಕು.

ಈ ದಿನ ಬೇರೆ ವಿಶೇಷವೇನಿಲ್ಲ.